ಬ್ಯಾಂಕ್ ಎಂ.ಡಿ.ಯ ವಿಕಿಪೀಡಿಯ ಪುಟ: ಅಳಿಸಬೇಡಿ, ಬಿಟ್ಟದ್ದನ್ನು ಸೇರಿಸಿ

ಪ್ರಶ್ನೆ: ನಾನು ಬ್ಯಾಂಕ್ ಒಂದರಲ್ಲಿ ಆಫೀಸರ್ ಆಗಿದ್ದು ರಿಟೈರ್ ಆದವನು. ನಮ್ಮ ಹಿಂದಿನ ಎಂ.ಡಿ. ಬಗ್ಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಪುಟ ಇದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದು ಸಾಲದ ಕೇಸಿನ ಕಥೆಯೇ. ಎಫ್‌ಐಆರ್‌ನಲ್ಲಿ ಅವರ ಹೆಸರಿತ್ತು ನಿಜ, ಆಮೇಲೆ ಕೋರ್ಟು ಅವರನ್ನು ಕೈಬಿಟ್ಟಿತು. ಅದು ಮಾತ್ರ ಪುಟದಲ್ಲಿಲ್ಲ. ಇಡೀ ಭಾಗ ಅಳಿಸಿದೆ, ಯಾರೋ ವಾಪಸ್ ಹಾಕಿದರು. ಮತ್ತೆ ಅಳಿಸಿದೆ, ಮತ್ತೆ ಬಂತು. ಏನು ಮಾಡಲಿ?
— ನಿವೃತ್ತ ಅಧಿಕಾರಿ, ಬಸವನಗುಡಿ

ಉತ್ತರ: ಸರ್, ಮೊದಲು ಅಳಿಸೋದು ನಿಲ್ಲಿಸಿ. ಒಂದೇ ಪುಟದಲ್ಲಿ 24 ಗಂಟೆಯೊಳಗೆ 3 ಸಲಕ್ಕಿಂತ ಹೆಚ್ಚು ಬೇರೆಯವರ ಬರಹ ತೆಗೆದರೆ ನಿಮ್ಮ ಖಾತೆಯೇ ಬ್ಲಾಕ್ ಆಗಬಹುದು. ಆಧಾರವೇ ಇಲ್ಲದ, ಮಾನ ಕಳೆಯುವಂಥ ಮಾತಾಗಿದ್ದರೆ ಯಾರು ಬೇಕಾದರೂ ತಕ್ಷಣ ತೆಗೆಯಬಹುದು, ನಿಯಮವೇ ಹಾಗೆ ಹೇಳುತ್ತದೆ. ಆ ನಿಯಮ ಸುಮ್ನೆ ಬಂದದ್ದಲ್ಲ. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟದಲ್ಲಿ ಯಾರೋ, ಕೆನಡಿ ಸಹೋದರರ ಕೊಲೆಯಲ್ಲಿ ಇವರ ಕೈವಾಡದ ಶಂಕೆ ಇತ್ತು ಅಂತ ಹಸಿ ಸುಳ್ಳು ಬರೆದರು, ಅದು ಸುಮಾರು 4 ತಿಂಗಳು ಹಾಗೇ ಇತ್ತು. ಬದುಕಿರುವವರ ಬಗ್ಗೆ ಬರೆಯುವಾಗ ಬಿಗಿ ಇರಬೇಕು ಅಂತ ವಿಕಿಪೀಡಿಯದವರು ಗಟ್ಟಿಯಾಗಿ ನಿಂತದ್ದು ಆಮೇಲೆ.

ನಿಮ್ಮ ಸಂಗತಿ ಹಾಗಲ್ಲ. ಎಫ್‌ಐಆರ್ ಆಗಿದೆ, ಪತ್ರಿಕೆಗಳಲ್ಲಿ ಬಂದಿದೆ. ಅದನ್ನು ಪೂರ್ತಿ ತೆಗೆದರೆ ನೋಡುವವರಿಗೆ ನೀವು ಏನೋ ಮುಚ್ಚಿಡುತ್ತಿದ್ದೀರಿ ಅಂತಲೇ ಅನಿಸುತ್ತದೆ, ಅಲ್ವಾ? ಕಥೆಯ ಅರ್ಧ ಮಾತ್ರ ಅಲ್ಲಿದೆ, ಇನ್ನರ್ಧ ಸೇರಿಸಿ ಅಂತ ಕೇಳಿ. ಆ ಬೇಡಿಕೆಯನ್ನು ತಳ್ಳಿಹಾಕುವುದು ಯಾರಿಗೂ ಕಷ್ಟ.

ಕೇಳುವ ಜಾಗ ಪುಟದ ಜೊತೆಗೇ ಇರುವ ಚರ್ಚೆ ಪುಟ. ಉದ್ದ ಭಾಷಣ ಬೇಡ. ಹೀಗೆ ಬರೆದರೆ ಸಾಕು: "ನಾನು ಇವರ ಕೈಕೆಳಗೆ ಕೆಲಸ ಮಾಡಿದವನು, ಹಾಗಾಗಿ ಪುಟವನ್ನು ಇನ್ನು ನಾನೇ ತಿದ್ದುವುದಿಲ್ಲ. ಮೂರನೇ ಪ್ಯಾರಾದಲ್ಲಿ ಎಫ್‌ಐಆರ್ ವಿಷಯ ಇದೆ, ಕೋರ್ಟು ಇವರನ್ನು ಕೈಬಿಟ್ಟ ವಿಷಯ ಇಲ್ಲ. ಇಂಥ ಪತ್ರಿಕೆಯ ಇಂಥ ದಿನಾಂಕದ ವರದಿ ನೋಡಿ. ಈ ಒಂದು ವಾಕ್ಯ ಸೇರಿಸಲು ಕೋರುತ್ತೇನೆ." ಆ ವಾಕ್ಯವನ್ನೂ ನೀವೇ ಬರೆದು ಕೊಡಿ. ಯಾರೂ ಉತ್ತರಿಸದಿದ್ದರೆ, ಬದುಕಿರುವವರ ಪುಟಗಳ ತಕರಾರು ನೋಡೋಕೆ ಅಂತಲೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಬೇರೆ ಫಲಕ ಇದೆ, ಅಲ್ಲಿ ಹಾಕಿ.

ಪದ ಬಳಸುವಾಗ ಹುಷಾರು. ವಿಚಾರಣೆ ಶುರುವಾಗುವ ಮೊದಲೇ ಕೋರ್ಟು ಆರೋಪದಿಂದ ಕೈಬಿಟ್ಟರೆ ಅದು ಡಿಸ್ಚಾರ್ಜ್. ವಿಚಾರಣೆ ಮುಗಿದ ಮೇಲೆ ಬಿಡುಗಡೆ ಮಾಡಿದರೆ ಖುಲಾಸೆ. ಹೈಕೋರ್ಟು ಎಫ್‌ಐಆರ್ ಅನ್ನೇ ರದ್ದು ಮಾಡೋದು ಮತ್ತೊಂದು. ಎಲ್ಲಕ್ಕೂ "ಕ್ಲೀನ್ ಚಿಟ್ ಸಿಕ್ಕಿತು" ಅಂತ ಬರೆದರೆ ಎದುರಿನವರು ಅದನ್ನೇ ಹಿಡಿದು ಎಳೆಯುತ್ತಾರೆ. ಹಾಗೇ ಎಫ್‌ಐಆರ್ ಆದವರನ್ನೆಲ್ಲ ಅಪರಾಧಿ ಅನ್ನುವಂತೆ ಬರೆಯೋದೂ ತಪ್ಪು.

ಇನ್ನೊಂದು ತೊಡಕಿದೆ. ಕೋರ್ಟಿನ ಆದೇಶದ ಪ್ರತಿ ನಿಮ್ಮ ಕೈಯಲ್ಲೇ ಇದ್ದರೂ ಅದೊಂದನ್ನೇ ಆಧಾರ ಅಂತ ಒಪ್ಪುವುದಿಲ್ಲ. ಬದುಕಿರುವವರ ಬಗ್ಗೆ ಕೋರ್ಟ್ ದಾಖಲೆಯನ್ನು ನೇರವಾಗಿ ಓದಿ ಬರೆಯಬಾರದು, ಪತ್ರಿಕೆಯೋ ಪುಸ್ತಕವೋ ಅದನ್ನು ವರದಿ ಮಾಡಿರಬೇಕು. ಎಫ್‌ಐಆರ್ ಮುಖಪುಟದಲ್ಲಿ ಬರುತ್ತದೆ, ಕೈಬಿಟ್ಟ ಸುದ್ದಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು. ಅನ್ಯಾಯ ಶುರುವಾಗೋದು ಅಲ್ಲೇ. ಆದರೆ ಆ ನಾಲ್ಕು ಸಾಲೇ ಸಾಕು. ನೆಟ್‌ನಲ್ಲಿ ಸಿಗದಿದ್ದರೂ ಚಿಂತೆಯಿಲ್ಲ, ಅಚ್ಚಾದ ಪತ್ರಿಕೆಯ ಹೆಸರು, ತಾರೀಖು, ಪುಟ ಸಂಖ್ಯೆ ಕೊಟ್ಟರೆ ಆಗುತ್ತದೆ, ಲಿಂಕ್ ಕಡ್ಡಾಯವಲ್ಲ. ಕಬ್ಬನ್ ಪಾರ್ಕಿನ ಸ್ಟೇಟ್ ಸೆಂಟ್ರಲ್ ಲೈಬ್ರರಿಯಿಂದ ಹುಡುಕಾಟ ಶುರು ಮಾಡಿ.

ಅರ್ಧ ಪುಟ ಕೇಸೇ ತುಂಬಿದೆ ಅನ್ನೋದು ನ್ಯಾಯವಾದ ದೂರು. ಕೇಸಿನ ಭಾಗ ಕತ್ತರಿಸುವ ಮೊದಲು ಉಳಿದ ಭಾಗ ಬೆಳೆಸಿ ನೋಡಿ. ಎಷ್ಟನೇ ಇಸವಿಯಲ್ಲಿ ಸೇರಿದರು, ಯಾವ ಹುದ್ದೆಗಳಲ್ಲಿ ಇದ್ದರು, ಅವರ ಕಾಲದಲ್ಲಿ ಬ್ಯಾಂಕ್ ಏನು ಮಾಡಿತು, ಎಲ್ಲವನ್ನೂ ಆಧಾರದ ಜೊತೆ ಚರ್ಚೆ ಪುಟದಲ್ಲಿ ಕೊಡಿ.

ಪ್ರಶ್ನೆ: ನಾನು ಖಾಸಗಿ ಬ್ಯಾಂಕಿನ ಪ್ರಚಾರ ವಿಭಾಗದಲ್ಲಿದ್ದೇನೆ. ನಮ್ಮ ಸಿಇಒ ಪುಟವನ್ನು "ಸ್ವಲ್ಪ ಚೆನ್ನಾಗಿ ಮಾಡು" ಅಂತ ಮೇಲಿನಿಂದ ಹೇಳಿದ್ದಾರೆ. ಎನ್‌ಪಿಎ (ವಾಪಸ್ ಬಾರದೆ ನಿಂತ ಸಾಲ) ಜಾಸ್ತಿಯಾಯ್ತು ಅನ್ನುವ ಸಾಲು ತೆಗೆಯಬಹುದಾ?
— ಎಂ.ಜಿ. ರಸ್ತೆಯಿಂದ ಒಬ್ಬರು

ಉತ್ತರ: ಸಂಬಳ ತಗೊಂಡು ಈ ಕೆಲಸ ಮಾಡುತ್ತಿದ್ದೀರಿ ಅಂದಮೇಲೆ ಅದನ್ನು ಬಹಿರಂಗವಾಗಿ ಹೇಳಲೇಬೇಕು. 2014ರಿಂದ ಅದು ವಿಕಿಪೀಡಿಯದ ಬಳಕೆ ಷರತ್ತಿನಲ್ಲೇ ಇದೆ. ನಿಮ್ಮ ಬಳಕೆದಾರ ಪುಟದಲ್ಲಿ ಬ್ಯಾಂಕಿನ ಹೆಸರು ಹಾಕಿ, ತಿದ್ದುಪಡಿಯನ್ನು ಚರ್ಚೆ ಪುಟದಲ್ಲಿ ಕೇಳಿ. ಗುಟ್ಟಾಗಿ ಮಾಡಿ ಸಿಕ್ಕಿಬಿದ್ದರೆ ಅದೇ ಸುದ್ದಿಯಾಗಿ ನಿಮ್ಮ ಸಿಇಒ ಪುಟಕ್ಕೇ ಬಂದು ಸೇರಬಹುದು.

ಎನ್‌ಪಿಎ ಸಾಲಿಗೆ ಆಧಾರ ಇದ್ದರೆ ತೆಗೆಯುವಂತಿಲ್ಲ. ಆದರೆ ಅದು ಯಾವ ವರ್ಷದ ಲೆಕ್ಕ ನೋಡಿ. 2015ರಲ್ಲಿ ರಿಸರ್ವ್ ಬ್ಯಾಂಕ್ ಬಹುಪಾಲು ದೊಡ್ಡ ಬ್ಯಾಂಕುಗಳ ಸಾಲದ ಗುಣಮಟ್ಟವನ್ನು ಪರಿಶೀಲಿಸಿ, ಸಾಲವನ್ನು ಮರುಹೊಂದಿಸಿ ಚೆನ್ನಾಗಿದೆ ಅಂತ ತೋರಿಸುತ್ತಿದ್ದ ಖಾತೆಗಳನ್ನು ಎನ್‌ಪಿಎ ಅಂತ ಒಪ್ಪಿಕೊಳ್ಳುವಂತೆ ಮಾಡಿತು. ಆಗ ಎಷ್ಟೋ ಬ್ಯಾಂಕುಗಳ ಎನ್‌ಪಿಎ ಒಮ್ಮೆಲೇ ಏರಿತು. ಹಿಂದಿನವರು ಕೊಟ್ಟ ಸಾಲ ಆಗಷ್ಟೇ ಬಂದು ಕೂತವರ ಲೆಕ್ಕದಲ್ಲಿ ಕಾಣಿಸಿಕೊಂಡದ್ದೂ ಇದೆ. ಪತ್ರಿಕೆ ಈ ಹಿನ್ನೆಲೆ ಹೇಳಿದ್ದರೆ ಅದನ್ನೂ ಸೇರಿಸಿ ಅಂತ ಕೇಳಿ. ಲಾಭ ಏರಿದ್ದನ್ನೆಲ್ಲ ಸಿಇಒ ಸಾಧನೆ ಅನ್ನೋದಕ್ಕೂ ಇದೇ ಅಳತೆ, ದಯವಿಟ್ಟು ಮರೆಯಬೇಡಿ.

ತಾರೀಖುಗಳನ್ನು ಸರಿಮಾಡಿಸಿ, ಅದು ನಿಮ್ಮಿಂದ ಆಗುವ ದೊಡ್ಡ ಉಪಕಾರ. ಖಾಸಗಿ ಬ್ಯಾಂಕಿನ ಎಂ.ಡಿ. ನೇಮಕಕ್ಕೆ ರಿಸರ್ವ್ ಬ್ಯಾಂಕಿನ ಒಪ್ಪಿಗೆ ಬೇಕು. ಹಾಗಾಗಿ ಬೋರ್ಡು ಆರಿಸಿದ ದಿನ, ಒಪ್ಪಿಗೆ ಬಂದ ದಿನ, ಕುರ್ಚಿಯಲ್ಲಿ ಕೂತ ದಿನ, ಮೂರೂ ಬೇರೆ ಬೇರೆ. ಪುಟಗಳಲ್ಲಿ ಇವು ಕಲಸಿಹೋಗಿರುತ್ತವೆ. "ದೂರದೃಷ್ಟಿಯ ನಾಯಕ" ಥರದ ಮಾತೆಲ್ಲ ಬಿಡಿ. ಮಂಗಳೂರಿನ ಕೆ.ವಿ. ಕಾಮತ್ ಅವರನ್ನೇ ನೋಡಿ: 1971ರಲ್ಲಿ ಐಸಿಐಸಿಐ ಸೇರಿದರು, 1988ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿಗೆ ಹೋದರು, 1996ರಲ್ಲಿ ಮುಖ್ಯಸ್ಥರಾಗಿ ಐಸಿಐಸಿಐಗೆ ಮರಳಿದರು, 2015ರಲ್ಲಿ ಬ್ರಿಕ್ಸ್ ದೇಶಗಳ ಹೊಸ ಬ್ಯಾಂಕಿನ ಮೊದಲ ಅಧ್ಯಕ್ಷರಾದರು. ಇದಕ್ಕೆ ವಿಶೇಷಣ ಯಾಕೆ ಬೇಕು? ಇಲ್ಲೂ ಒಂದು ಸೂಕ್ಷ್ಮ ಇದೆ. 1996ರಲ್ಲಿ ಅವರು ವಹಿಸಿಕೊಂಡದ್ದು ಐಸಿಐಸಿಐ ಎಂಬ ಮಾತೃಸಂಸ್ಥೆಯನ್ನು, ಅದು ಬ್ಯಾಂಕಿನೊಳಗೆ ವಿಲೀನವಾದದ್ದು 2002ರಲ್ಲಿ.

ಪ್ರಶ್ನೆ: ನಮ್ಮ ತಂದೆ ವಿಜಯಾ ಬ್ಯಾಂಕಿನಲ್ಲಿದ್ದರು. ಆಗಿನ ಅಧ್ಯಕ್ಷರೊಬ್ಬರ ಪುಟದಲ್ಲಿ ಈಗ ಯಾರೋ ಎಲ್ಲ ಕಡೆ "ಬ್ಯಾಂಕ್ ಆಫ್ ಬರೋಡಾ" ಅಂತ ಬದಲಾಯಿಸಿದ್ದಾರೆ. ಇದು ಸರಿಯಾ?
— ಗೃಹಿಣಿ, ವಿಜಯನಗರ

ಉತ್ತರ: ಸರಿಯಲ್ಲಮ್ಮ. ವಿಜಯಾ ಬ್ಯಾಂಕ್ ವಿಲೀನವಾದದ್ದು 2019ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಅಲ್ಲಿದ್ದವರು ವಿಜಯಾ ಬ್ಯಾಂಕಿನವರೇ. ಹೆಸರು ಹಾಗೇ ಉಳಿಸಿ, ಬೇಕಿದ್ದರೆ ಪಕ್ಕದಲ್ಲಿ "ಈಗ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನ" ಅಂತ ಒಮ್ಮೆ ಹೇಳಿದರೆ ಸಾಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕಿನವರ ಪುಟಗಳಿಗೂ ಇದೇ ಮಾತು. ಇದನ್ನು ನೀವೇ ತಿದ್ದಬಹುದು, ತಿದ್ದಿ ಉಳಿಸುವಾಗ ಕಾಣುವ ಸಾರಾಂಶದ ಜಾಗದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ. ಪುಟ ಕನ್ನಡ ವಿಕಿಪೀಡಿಯದಲ್ಲಿದ್ದು ಯಾರಾದರೂ ತಕರಾರು ತೆಗೆದರೆ ಅಲ್ಲಿನ ಅರಳಿಕಟ್ಟೆಯಲ್ಲಿ (ಎಲ್ಲರೂ ಸೇರಿ ಚರ್ಚಿಸುವ ಪುಟ) ಕೇಳಿ, ಗೊತ್ತಿದ್ದವರು ಸಹಾಯ ಮಾಡುತ್ತಾರೆ.