ಓದುಗರ ಪ್ರಶ್ನೆ: ಪಾರಿವಾಳ ಮರ ಸೇರುವ ಹೊತ್ತು

ಇಂಗ್ಲೆಂಡಿನ ತೋಪುಗಳಲ್ಲಿ ಚಳಿಗಾಲದ ಸಂಜೆ ನಡೆಯುವ ಕಾಡುಪಾರಿವಾಳದ ಶಿಕಾರಿಯ ಬಗ್ಗೆ ಕೊಡಗಿನ ಓದುಗರಿಂದ ಸಾಲುಸಾಲಾಗಿ ಪತ್ರ ಬಂದಿವೆ. ಕೋವಿಗೆ ಪೂಜೆ ಮಾಡುವ ನಾಡು, ಕುತೂಹಲ ಸಹಜ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನನ್ನ ಭಾವನ ಮಗ ಇಂಗ್ಲೆಂಡಿನಲ್ಲಿದ್ದಾನೆ. ಫೆಬ್ರುವರಿಯಲ್ಲಿ ಬಂದರೆ ಪಾರಿವಾಳದ ಶಿಕಾರಿಗೆ ಕರೆದೊಯ್ಯುತ್ತೇನೆ ಎನ್ನುತ್ತಾನೆ. ಏನಿದು? ಅದೂ ಸಂಜೆಯೇ ಯಾಕೆ? ನನ್ನ ಕೋವಿ ಒಯ್ಯಬಹುದೆ?
— ಕಾಫಿ ಬೆಳೆಗಾರರು, ನಾಪೋಕ್ಲು

ಅಲ್ಲಿಯ ಕಾಡುಪಾರಿವಾಳ ನಮ್ಮ ದೇವಸ್ಥಾನದ ಗೋಪುರದ ಪಾರಿವಾಳಕ್ಕಿಂತ ದೊಡ್ಡದು. ಅರ್ಧ ಕಿಲೋ ಆಸುಪಾಸು ತೂಗುತ್ತದೆ, ಕುತ್ತಿಗೆಯ ಎರಡೂ ಬದಿ ಬಿಳಿ ಮಚ್ಚೆ, ರೆಕ್ಕೆ ಬಿಚ್ಚಿದರೆ ಬಿಳಿ ಪಟ್ಟಿ. ಚಳಿಗಾಲದಲ್ಲಿ ಕಾಡಿನ ಕಾಯಿ ಮುಗಿದ ಮೇಲೆ ಹಿಂಡುಹಿಂಡಾಗಿ ರೇಪ್ ಎಂಬ ಸಾಸಿವೆ ಜಾತಿಯ ಎಣ್ಣೆಕಾಳಿನ ಗದ್ದೆಗೆ ಇಳಿದು ಎಳೆ ಎಲೆಯನ್ನು ನಾರು ಬಿಟ್ಟು ತಿಂದು ಮುಗಿಸುತ್ತದೆ. ಹಗಲಿಡೀ ಹತ್ತಾರು ಗದ್ದೆಗಳಲ್ಲಿ ಚೆದುರಿರುವ ಹಕ್ಕಿ ಕತ್ತಲಾಗುವ ಮೊದಲು ಕೆಲವೇ ತೋಪುಗಳಿಗೆ ಬಂದು ಸೇರುತ್ತದೆ. ಸಂಜೆಯ ಗುಟ್ಟು ಇಷ್ಟೆ: ಹಗಲು ನೀವು ಹಕ್ಕಿಯನ್ನು ಹುಡುಕಬೇಕು, ಸಂಜೆ ಅದೇ ನಿಮ್ಮ ತಲೆಯ ಮೇಲೆ ಬರುತ್ತದೆ.

ಫೆಬ್ರುವರಿಗೂ ಕಾರಣವಿದೆ. ಅಲ್ಲಿ ಫೆಸೆಂಟ್ ಎಂಬ ಕಾಡುಕೋಳಿ ಜಾತಿಯ ಹಕ್ಕಿಯ ಶಿಕಾರಿ ಫೆಬ್ರುವರಿ 1ಕ್ಕೆ ಮುಗಿಯುತ್ತದೆ. ಅಲ್ಲಿಯ ತನಕ ತೋಪಿನೊಳಗೆ ಗುಂಡಿನ ಸದ್ದು ಮಾಡಿ ಫೆಸೆಂಟನ್ನು ಓಡಿಸಲು ಯಾವ ಮಾಲೀಕನೂ ಒಪ್ಪುವುದಿಲ್ಲ. ಆಮೇಲೆ ಸುತ್ತಲಿನ ಎಸ್ಟೇಟಿನವರು ಮಾತಾಡಿಕೊಂಡು ಒಂದೇ ಸಂಜೆ ಎಲ್ಲ ತೋಪುಗಳಲ್ಲೂ ಒಬ್ಬಿಬ್ಬರನ್ನು ನಿಲ್ಲಿಸುತ್ತಾರೆ. ಒಂದೇ ತೋಪಿನಲ್ಲಿ ನಿಂತರೆ ಎರಡನೇ ಗುಂಡಿಗೆ ಹಿಂಡು ಪಕ್ಕದ ತೋಪಿಗೆ ಹೋಗಿ ಕೂರುತ್ತದೆ, ಕೆಲಸ ಕೆಟ್ಟಿತು. ಎಲ್ಲ ಕಡೆ ಜನ ಇದ್ದರೆ ಹಕ್ಕಿ ತಿರುಗುತ್ತಲೇ ಇರುತ್ತದೆ.

ಒಂದು ಮಾತು ಗಮನದಲ್ಲಿರಲಿ. ಇಂಗ್ಲೆಂಡಿನಲ್ಲಿಯೂ ಇದು ಬರೀ ಮೋಜಿನ ಹಕ್ಕಲ್ಲ. ಬೆಳೆಗೆ ಗಂಭೀರ ಹಾನಿ ತಡೆಯುವುದಕ್ಕೆಂದು ಸರ್ಕಾರ ಕೊಡುವ ಸಾಮಾನ್ಯ ಪರವಾನಗಿಯ ಷರತ್ತಿನೊಳಗೆ ನಡೆಯಬೇಕು, ಜಾಗದ ಮಾಲೀಕರ ಅನುಮತಿಯೂ ಬೇಕು. ನಿಮ್ಮ ಕೋವಿ ಮನೆಯಲ್ಲೇ ಇರಲಿ. ಹೊರಗಿಂದ ಕೋವಿ ಒಯ್ಯುವವರಿಗೆ ಅಲ್ಲಿಯ ಪೊಲೀಸರ ಸಂದರ್ಶಕ ಪರವಾನಗಿ ಬೇಕು, ಅದಕ್ಕೆ ಅಲ್ಲಿಯವರೇ ಅರ್ಜಿ ಹಾಕಬೇಕು. ಅದಕ್ಕಿಂತ ಸುಲಭದ ದಾರಿ, ಪರವಾನಗಿ ಇರುವ ಆತಿಥೇಯರು ಖಾಸಗಿ ಜಾಗದಲ್ಲಿ, ತಾವೇ ಜೊತೆಗಿದ್ದು, ತಮ್ಮ ಕೋವಿಯನ್ನು ನಿಮ್ಮ ಕೈಗೆ ಕೊಡುವುದು. ಅದಕ್ಕೆ ಕಾನೂನಿನಲ್ಲಿ ಅವಕಾಶವಿದೆ.

ಎಲ್ಲಿ ನಿಲ್ಲಬೇಕು, ಯಾವ ಕಡೆ ಮುಖ ಮಾಡಬೇಕು? ಗಾಳಿ ನೋಡಿ ನಿಲ್ಲಬೇಕು ಎನ್ನುತ್ತಾರೆ. ಪಾರಿವಾಳಕ್ಕೆ ವಾಸನೆ ಹತ್ತುತ್ತದೆಯೆ?
— ವಿರಾಜಪೇಟೆ

ವಾಸನೆಯ ಮಾತಲ್ಲ. ಕಾಡುಹಂದಿಗೆ ಗಾಳಿ ನೋಡುವುದು ಬೇರೆ, ಹಕ್ಕಿಗೆ ನೋಡುವುದು ಬೇರೆ. ಹಕ್ಕಿ ಕೂರುವುದು ಗಾಳಿಗೆ ಎದುರಾಗಿ. ಹಾಗಾಗಿ ಗಾಳಿ ತೋಪನ್ನು ದಾಟಿ ಹೊರಬೀಳುವ ಕಡೆಯಿಂದ, ಗಾಳಿಗೆ ತಲೆ ಕೊಟ್ಟುಕೊಂಡು ಒಳಬರುತ್ತದೆ. ಗಾಳಿಯ ಪೆಟ್ಟು ಕಡಿಮೆ ಇರುವ ಆ ಬದಿಯ ಮರಗಳಲ್ಲೇ ಮಲಗುವುದೂ ಹೆಚ್ಚು. ನೀವು ಅದೇ ಬದಿಯಲ್ಲಿ, ಅಂಚಿನಿಂದ ಇಪ್ಪತ್ತು ಮೂವತ್ತು ಮೀಟರ್ ಒಳಗೆ, ಗಾಳಿಗೆ ಬೆನ್ನು ಕೊಟ್ಟು ನಿಂತರೆ ಹಕ್ಕಿ ಎದುರಿಗೆ ಬರುತ್ತದೆ.

ಆದರೆ ಜಾಗವನ್ನು ಗಾಳಿಗಿಂತ ಮೊದಲು ನೆಲ ಹೇಳುತ್ತದೆ. ಮಧ್ಯಾಹ್ನವೇ ಹೋಗಿ ಮರದ ಬುಡ ನೋಡಬೇಕು. ತರಗೆಲೆಯ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿ ಹಿಕ್ಕೆ, ನಡುವೆ ಬೂದು ಬಣ್ಣದ ಮೆತ್ತನೆ ಪುಕ್ಕ ದಟ್ಟವಾಗಿದ್ದರೆ ಅದು ಖಾಯಂ ಮರ. ಹಿಕ್ಕೆ ಒಣಗಿ ಪುಡಿಯಾಗಿದ್ದರೆ ಹಿಂಡು ಜಾಗ ಬದಲಿಸಿದೆ ಎಂದು ತಿಳಿಯಿರಿ. ಅಲ್ಲಿ ಚಳಿಗಾಲಕ್ಕೆ ಹೆಚ್ಚಿನ ಮರಗಳು ಬೋಳು. ಅದಕ್ಕೇ ಐವಿ ಬಳ್ಳಿ ಹಬ್ಬಿದ ಮರ, ಸೂಜಿಯೆಲೆಯ ಮರಗಳಿಗೆ ಹಕ್ಕಿ ಮುಗಿಬೀಳುತ್ತದೆ.

ನಿಲ್ಲುವಾಗ ಮರದ ಹಿಂದೆ ಅಡಗುವುದು ಹೊಸಬರ ತಪ್ಪು. ಮರ ಬೆನ್ನಿಗಿರಬೇಕು, ಎದುರಿಗೆ ಅಲ್ಲ. ಬೊಡ್ಡೆಗೆ ಒರಗಿದಂತೆ ನಿಂತರೆ ಆಕಾರ ಅದರಲ್ಲೇ ಕರಗುತ್ತದೆ, ಕೋವಿ ಬೀಸಲು ಮುಂದೆ ಜಾಗವೂ ಸಿಗುತ್ತದೆ. ತಲೆಯ ಮೇಲೆ ಅಂಗಳದಷ್ಟು ಆಕಾಶ ಕಾಣುವ ಸಂದು ಇದ್ದರೆ ಸಾಕು. ಹಕ್ಕಿಗೆ ಮೊದಲು ಕಾಣುವುದು ಮೇಲೆತ್ತಿದ ಮುಖ, ಆಮೇಲೆ ಬರಿಗೈ. ಟೋಪಿಯ ಅಂಚು ಕೆಳಗೆಳೆದು ಕಣ್ಣಷ್ಟೇ ಮೇಲೆತ್ತಿ ನೋಡಿ. ಹೊಡೆಯುವ ದೂರಕ್ಕೆ ಬರುವ ತನಕ ಕೋವಿ ಅಲುಗಬಾರದು.

ಜೋರು ಗಾಳಿಯ ದಿನ ಹಕ್ಕಿ ಬೇಗ ಬರುತ್ತದೆ, ಮರದ ತುದಿ ಸವರಿಕೊಂಡು ಬರುತ್ತದೆ. ಗಾಳಿಯಿಲ್ಲದ ತಿಳಿ ಆಕಾಶದ ದಿನ ಎತ್ತರದಲ್ಲಿ ಎರಡು ಮೂರು ಸುತ್ತು ಹೊಡೆದು, ಕತ್ತಲಾಗುವ ಹೊತ್ತಿಗೆ ಕಲ್ಲು ಬಿದ್ದಂತೆ ಇಳಿಯುತ್ತದೆ. ಅಂಥ ಸಂಜೆ ಮನೆಯಲ್ಲಿ ಕಾಫಿ ಕುಡಿಯುವುದೇ ವಾಸಿ. ಗಾಳಿ ಇದ್ದ ದಿನ, ಫೆಬ್ರುವರಿ ನಡುವಿನಲ್ಲಿ ಸೂರ್ಯ ಐದೂಕಾಲರ ಹೊತ್ತಿಗೆ ಮುಳುಗುತ್ತಾನೆಂದರೆ, ಮೂರು ಗಂಟೆಗೆ ಜಾಗದಲ್ಲಿ ಇರಬೇಕು. ಬಿದ್ದ ಹಕ್ಕಿ ಕಾಣುವಷ್ಟು ಬೆಳಕು ಇರುವಾಗಲೇ ನಿಲ್ಲಿಸಬೇಕು.

ಕೋವಿಗೆ ಪೂಜೆ ಮಾಡುವ ಕೈಲ್‌ಮುಹೂರ್ತ ಹಬ್ಬದ ತೆಂಗಿನಕಾಯಿಗೆ ನನ್ನ ಗುರಿ ತಪ್ಪುವುದು ಕಡಿಮೆ. ಆದರೆ ಕಳೆದ ವರ್ಷ ಇಂಗ್ಲೆಂಡಿನಲ್ಲಿ ಹನ್ನೆರಡು ತೋಟಾ ಮುಗಿಸಿ ಎರಡು ಪಾರಿವಾಳ. ಪುಕ್ಕ ಹಾರುತ್ತಿತ್ತು, ಹಕ್ಕಿ ಬೀಳುತ್ತಿರಲಿಲ್ಲ.
— ಗೋಣಿಕೊಪ್ಪ

ತೆಂಗಿನಕಾಯಿ ಹಾರುವುದಿಲ್ಲವಲ್ಲ! ಲೆಕ್ಕ ನೋಡಿ. ಗಾಳಿಯಿಲ್ಲದಾಗ ಪಾರಿವಾಳದ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್, ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡು, 30 ಮೀಟರ್ ದೂರ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಪಾಲಿನ ಹತ್ತಿರ ಬೇಕು. ಅಷ್ಟರಲ್ಲಿ ಅಡ್ಡ ಹಾರುವ ಹಕ್ಕಿ ಒಂದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಹಕ್ಕಿಗೇ ಗುರಿಯಿಟ್ಟು, ಕೋವಿ ನಿಲ್ಲಿಸಿ ಕುದುರೆ ಎಳೆದರೆ ಚರೆ ಬಾಲದ ಹಿಂದೆ. ಹಿಂದಿನಿಂದ ಬೀಸಿಕೊಂಡು ಬಂದು, ಹಕ್ಕಿಯನ್ನು ದಾಟಿ, ಬೀಸು ನಿಲ್ಲಿಸದೆ ಹೊಡೆಯಬೇಕು.

ಆದರೆ ಮರ ಸೇರುವ ಹಕ್ಕಿಯಲ್ಲಿ ಇನ್ನೊಂದು ಮೋಸವಿದೆ. ಎದುರುಗಾಳಿಗೆ ಸಿಕ್ಕಿ, ರೆಕ್ಕೆ ಅರ್ಧ ಮಡಚಿ, ಮುಂದೆ ಹೋಗದೆ ಕೆಳಗೆ ಇಳಿಯುತ್ತಿರುತ್ತದೆ. ಅದಕ್ಕೆ ಒಂದೂವರೆ ಮೀಟರ್ ಮುಂದೆ ಹೊಡೆದರೆ ಗಾಳಿಗೆ ಹೊಡೆದಂತೆ. ಇಳಿಯುವ ಹಕ್ಕಿಗೆ ಗುರಿ ಕಾಲಿನ ಕೆಳಗೆ.

ಪುಕ್ಕದ ವಿಷಯ: ಪಾರಿವಾಳದ ಪುಕ್ಕ ಬೇರೆ ಹಕ್ಕಿಗಳದ್ದಕ್ಕಿಂತ ಸಡಿಲ. ಅಂಚಿನ ಒಂದೆರಡು ಚರೆ ತಾಗಿದರೂ ದಿಂಬು ಹರಿದಂತೆ ಹಾರುತ್ತದೆ. ಅದನ್ನು ನೋಡಿ ಪೆಟ್ಟು ಸರಿಯಾಗಿ ಬಿತ್ತು ಎಂದುಕೊಳ್ಳಬೇಡಿ. ಬಹುಶಃ ದೂರ ಹೆಚ್ಚಾಗಿತ್ತು. ಹನ್ನೆರಡು ಬೋರಿಗೆ (ಬೋರ್ ಎಂದರೆ ನಳಿಗೆಯ ಅಳತೆ) 30 ಗ್ರಾಂನ 6ನೇ ನಂಬರ್ ತೋಟಾ (ನಂಬರ್ ಚರೆಯ ಗಾತ್ರದ್ದು), ಕಾಲು ಚೋಕ್ (ಚೋಕ್ ಎಂದರೆ ನಳಿಗೆಯ ಬಾಯಿಯ ಬಿಗಿತ) ಇದ್ದರೆ ಮೂವತ್ತೈದು ಮೀಟರ್ ಒಳಗೆ ಕೆಲಸ ಸಲೀಸು. ಬಲಿತ ಓಕ್ ಮರ ಇಪ್ಪತ್ತು ಮೀಟರ್ ಎತ್ತರ ಎಂದುಕೊಂಡರೆ, ಅದರ ತುದಿಗಿಂತ ಇನ್ನೂ ಅಷ್ಟೇ ಮೇಲಿರುವ ಹಕ್ಕಿಯನ್ನು ಬಿಟ್ಟುಬಿಡಬೇಕು.

ನಂಬಿಕೆ ಬಾರದಿದ್ದರೆ ಕಾಗದಕ್ಕೆ ಹೊಡೆದು ನೋಡಿ, ಆದರೆ ಅನುಮತಿ ಇರುವ ಶೂಟಿಂಗ್ ರೇಂಜಿನಲ್ಲಿ. ಸುಮಾರು 36 ಮೀಟರ್ ದೂರದಿಂದ ದೊಡ್ಡ ಕಾಗದಕ್ಕೆ ಒಂದು ಗುಂಡು, ಆಮೇಲೆ ಚರೆ ಹೆಚ್ಚು ಬಿದ್ದ ಕಡೆ 76 ಸೆಂಟಿಮೀಟರ್ ಅಡ್ಡಗಲದ ವೃತ್ತ ಎಳೆದು ತೂತು ಎಣಿಸಿ. 28 ಗ್ರಾಂನ ಬ್ರಿಟಿಷ್ 6ನೇ ನಂಬರ್ ತೋಟಾದಲ್ಲಿ ಸುಮಾರು 270 ಚರೆ. ಕಾಲು ಚೋಕ್ ಅದರಲ್ಲಿ ನೂರಕ್ಕೆ 55ರಷ್ಟನ್ನು ವೃತ್ತದೊಳಗೆ ಹಾಕಬೇಕು, ಅಂದರೆ 148. ಪೂರ್ತಿ ಚೋಕ್ ನೂರಕ್ಕೆ 70 ಹಾಕುತ್ತದೆ ನಿಜ, ಆದರೆ ಇಪ್ಪತ್ತು ಮೀಟರಿನಲ್ಲಿ ಅದೇ ಕೋವಿ ಬಹಳ ಕಿರಿದಾದ ಜಾಗಕ್ಕೆ ಹೊಡೆದಂತೆ. ತಾಗಿದರೆ ಮಾಂಸ ಚಿಂದಿ, ಇಲ್ಲದಿದ್ದರೆ ತಪ್ಪು.

ನಮ್ಮ ಮನೆಯ ಕೋವಿಗೆ ವಿನಾಯಿತಿ ಇದೆ. ಅತ್ತಿ ಮರಕ್ಕೆ ಸಂಜೆ ಹಸಿರು ಪಾರಿವಾಳ ಗುಂಪಾಗಿ ಬರುತ್ತದೆ. ನಮ್ಮದೇ ತೋಟ, ನಮ್ಮದೇ ಮರ. ಒಂದೆರಡು ಹೊಡೆದರೆ ತಪ್ಪೇನು?
— ಸೋಮವಾರಪೇಟೆ ತಾಲ್ಲೂಕಿನ ನಾಲ್ವರು

ಹೊಡೆಯುವಂತಿಲ್ಲ. ವಿನಾಯಿತಿ ಇರುವುದು ಕೋವಿಗೆ, ಶಿಕಾರಿಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 41ನೇ ಕಲಮಿನ ಅಡಿಯಲ್ಲಿ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಅವಕಾಶ. 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರ ಅಕ್ಟೋಬರ್ 31ರ ತನಕ ವಿಸ್ತರಿಸಿದರು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ವನ್ಯಜೀವಿ ಕಾಯ್ದೆ ಬೇರೆಯೇ. 1972ರ ಆ ಕಾಯ್ದೆಯ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ, 1991ರ ತಿದ್ದುಪಡಿಯ ನಂತರ ಶಿಕಾರಿ ಲೈಸೆನ್ಸ್ ಎಂಬುದೇ ಉಳಿದಿಲ್ಲ. ಕಾಯ್ದೆಯ ಅರ್ಥದಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಉರುಳು ಹಾಕುವುದು, ಹಿಡಿಯುವುದು, ಅದಕ್ಕೆ ಯತ್ನಿಸುವುದು, ಗೂಡು ಮೊಟ್ಟೆ ಕೆಡಿಸುವುದು ಎಲ್ಲ ಸೇರಿದೆ. ಜಾಗ ನಿಮ್ಮದೇ ಆದರೂ ವ್ಯತ್ಯಾಸವಿಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೇ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ. ಕೋವಿಯೂ ಜಪ್ತಿಯಾಗುತ್ತದೆ. ತಾತನ ಕೋವಿ ಎರಡು ಹಕ್ಕಿಗಾಗಿ ಠಾಣೆಯ ಮೂಲೆ ಸೇರುವುದು ಬೇಡ.

ಹಾಗಾದರೆ ಕೊಡಗಿನಲ್ಲಿ ಮರ ಸೇರುವ ಪಾರಿವಾಳ ಯಾವುವು? ಎಣಿಸುವ ಕ್ರಮ ಹೇಳಿ.
— ಶಾಲಾ ಶಿಕ್ಷಕಿ, ಭಾಗಮಂಡಲ

ಅಲ್ಲಿಯದಕ್ಕೆ ಹತ್ತಿರದ ನೆಂಟ ನಮ್ಮ ನೀಲಗಿರಿ ಕಾಡುಪಾರಿವಾಳ. ಪಶ್ಚಿಮಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಬೂದು ತಲೆ, ಕೆಂಗಂದು ಬೆನ್ನು, ಹಿಂಗುತ್ತಿಗೆಯಲ್ಲಿ ಚದುರಂಗದ ಮಣೆಯಂಥ ಕಪ್ಪು-ಬಿಳಿ ಚೌಕ. ಅಲ್ಲಿಯದು ಎರಡು ಮೊಟ್ಟೆ ಇಟ್ಟರೆ ಇದು ಒಂದೇ ಇಡುತ್ತದೆ. ಅಪಾಯದ ಅಂಚಿನ ಪಟ್ಟಿಯಲ್ಲಿದೆ. ದಟ್ಟ ಕಾಡು, ಶೋಲಾ ಎಂಬ ಬೆಟ್ಟದ ಕಣಿವೆಯ ಕಾಡು ಅದರ ಮನೆ, ಆಗೊಮ್ಮೆ ಈಗೊಮ್ಮೆ ಕಾಡಂಚಿನ ತೋಟಕ್ಕೂ ಬರುತ್ತದೆ. ಒಂಟಿಯಾಗಿಯೋ ಸಣ್ಣ ಗುಂಪಾಗಿಯೋ ಕಾಣುವ ಹಕ್ಕಿ ಇದು, ಇಂಗ್ಲೆಂಡಿನಂತೆ ಸಾವಿರದ ಹಿಂಡು ನಿರೀಕ್ಷಿಸಬೇಡಿ.

ತೋಟದಲ್ಲಿ ಗುಂಪಾಗಿ ಸಿಗುವುದು ಹಸಿರು ಪಾರಿವಾಳಗಳು. ಅತ್ತಿ, ಬಸರಿ, ಗೋಣಿ ಮರ ಹಣ್ಣಾದಾಗ ನೋಡಬೇಕು. ಎಲೆಯೊಳಗೆ ಕೂತರೆ ಒಂದೂ ಕಾಣದು, ಹಾರಿದರೆ ನಲವತ್ತು. ದೊಡ್ಡ ಗಾತ್ರದ ಸಾಮ್ರಾಟ ಪಾರಿವಾಳಗಳು ಬೇರೆ, ಅವುಗಳ ಕೂಗು ದೂರದಲ್ಲಿ ಡೋಲು ಬಡಿದಂತೆ. ಇವೆರಡರ ವ್ಯತ್ಯಾಸ ಹೊಟ್ಟೆಯಲ್ಲಿದೆ: ಹಸಿರು ಪಾರಿವಾಳ ಅತ್ತಿಯ ಬೀಜವನ್ನು ಅರೆದು ಜೀರ್ಣಿಸುತ್ತದೆ, ಸಾಮ್ರಾಟ ಪಾರಿವಾಳ ಕಾಡುಜಾಯಿಕಾಯಿಯಂಥ ದಪ್ಪ ಬೀಜವನ್ನು ನುಂಗಿ ಇಡಿಯಾಗಿ ಹೊರಹಾಕುತ್ತದೆ. ದೇವರಕಾಡಿನ ದೊಡ್ಡ ಬೀಜದ ಮರಗಳ ಸಸಿ ದೂರದಲ್ಲಿ ಎದ್ದರೆ ಇಂಥ ಹಕ್ಕಿಗಳ ಕೆಲಸ.

ಎಣಿಕೆಗೆ ಮಕ್ಕಳು ಇಬ್ಬರಿಬ್ಬರು ಸಾಕು: ಒಬ್ಬರು ನೋಡಲಿ, ಒಬ್ಬರು ಬರೆಯಲಿ. ಜನವರಿಯಲ್ಲಿ ಮಡಿಕೇರಿ ಕಡೆ ಸೂರ್ಯ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ, ಐದು ಗಂಟೆಗೆ ಕೂರಿ. ಶಿಕಾರಿಯವರು ಮರದ ಅಡಿ ನಿಂತರೆ ನೀವು ನೂರು ಮೀಟರ್ ದೂರ, ಮರ ನಿಮಗೂ ಪಡುವಣ ಆಕಾಶಕ್ಕೂ ನಡುವೆ ಬರುವಂತೆ. ಬಣ್ಣ ಮಾಸಿದ ಮೇಲೂ ಆಕಾರ ಕಾಣುತ್ತದೆ. ಪುಟವನ್ನು ಐದೈದು ನಿಮಿಷದ ಸಾಲು ಮಾಡಿ ‘ಬಂದದ್ದು’, ‘ಹೋದದ್ದು’ ಎಂದು ಎರಡು ಕಲಂ ಹಾಕಿ. ಎರಡನೆಯದು ಇಲ್ಲದಿದ್ದರೆ ಒಂದೇ ಗುಂಪು ಮೂರು ಸುತ್ತು ಹೊಡೆದು ನಿಮ್ಮ ಲೆಕ್ಕದಲ್ಲಿ ಮೂರು ಗುಂಪಾಗುತ್ತದೆ. ದೊಡ್ಡ ಗುಂಪಿನಲ್ಲಿ ಮೊದಲು ಹತ್ತು ಹಕ್ಕಿ ಎಣಿಸಿ, ಆ ಹತ್ತರಷ್ಟು ಜಾಗ ಎಷ್ಟು ಸಲ ಕೂರುತ್ತದೆ ನೋಡಿ. ಗಿಳಿ, ಗೊರವಂಕ ಅದೇ ಮರಕ್ಕೆ ಬಂದರೆ ಬೇರೆ ಸಾಲು. ಒಂದು ಸಂಜೆಯ ಅಂಕಿ ಏನೂ ಹೇಳದು. ಅದೇ ಮರ, ವಾರಕ್ಕೊಮ್ಮೆ, ಹಣ್ಣು ಮುಗಿಯುವ ತನಕ. ಹಕ್ಕಿ ಎಣಿಕೆ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ಬೇರೆಯವರಿಗೂ ಸಿಗುತ್ತದೆ. ಕೊಯ್ಲಿನ ದಿನಗಳಲ್ಲಿ ಕೆಲಸದವರು ಬುಟ್ಟಿ ಇಳಿಸಿ ಹೋಗುವ ತನಕ ಹಕ್ಕಿ ಇಳಿಯದು, ಅದಕ್ಕೆ ತಕ್ಕಂತೆ ಮರ ಆರಿಸಿ.

ಸಂಜೆ ತೋಟದಲ್ಲಿ ಕೂರುವುದೆ? ನಮ್ಮ ಕಡೆ ಆನೆ!
— ಸಿದ್ದಾಪುರ

ಸರಿಯಾದ ಮಾತು. ಆನೆ ಓಡಾಡುವ ತೋಟದಲ್ಲಿ ಒಳಗೆ ಕೂರಬೇಡಿ. ಮನೆಯ ತಾರಸಿ, ಕಾಫಿ ಒಣಗಿಸುವ ಕಣ, ಜೀಪು ನಿಲ್ಲುವ ರಸ್ತೆ, ಇವಿಷ್ಟರಲ್ಲೇ ಜಾಗ ಹುಡುಕಿ. ತೋಟದ ರೈಟರಿಗೆ (ಲೆಕ್ಕ ಬರೆಯುವವರಿಗೆ) ಹೇಳಿ, ಆ ದಿನ ಆನೆ ಎಲ್ಲಿದೆ ಎಂದು ಕೇಳಿಯೇ ಹೊರಡಿ. ಕೊನೆಯ ಐದು ನಿಮಿಷದ ಸಾಲು ಖಾಲಿ ಬಿಟ್ಟರೂ ಪರವಾಗಿಲ್ಲ, ದಾರಿ ಕಾಣುವಾಗಲೇ ಎದ್ದುಬಿಡಿ.

ಅಜ್ಜನ ಜೋಡುನಳಿಗೆ ಕೋವಿಯ ನಳಿಗೆಯಲ್ಲಿ ಮರದ ನಾರಿನಂತೆ ಅಲೆಅಲೆ ಗೆರೆ ಇದೆ. ಸುಗ್ಗಿ ಹಬ್ಬ ಪುತ್ತರಿಗೆ ಇದರಲ್ಲೇ ಗುಂಡು ಹಾರಿಸಬಹುದೆ?
— ಪೊನ್ನಂಪೇಟೆ

ಕಬ್ಬಿಣ ಮತ್ತು ಉಕ್ಕಿನ ಪಟ್ಟಿ ಹೆಣೆದು, ಸುತ್ತಿ, ಬೆಸೆದು ಮಾಡಿದ ನಳಿಗೆ ಅದು. ಕರಿಮದ್ದಿನ ಕಾಲದ್ದು. ಬೆಸುಗೆಯ ಒಳಗೆ ತುಕ್ಕು ಹಿಡಿದಿದ್ದರೆ ಹೊರಗೆ ಕಾಣುವುದಿಲ್ಲ. ನಮ್ಮ ಮಳೆಗಾಲದಲ್ಲಿ ಹಿಡಿಯದೆ ಇರುವುದೇ ಅಪರೂಪ. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಬೇಡಿ. ಇನ್ನೊಂದು ತೊಂದರೆ, ಹಳೆಯ ಕೋವಿಗಳ ತೋಟಾ ಕೂರುವ ಕೋಣೆ ಹೆಚ್ಚಾಗಿ 65 ಮಿಲಿಮೀಟರ್, ಈಗ ಅಂಗಡಿಯಲ್ಲಿ ಸಿಗುವ ತೋಟಾ ಹೆಚ್ಚಾಗಿ 70. ಒಳಗೆ ಕೂರುತ್ತದೆ, ಬಾಗಿಲೂ ಮುಚ್ಚುತ್ತದೆ. ಹಾರಿಸಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆಯ ಅಡಿಯ ಮುದ್ರೆಗಳನ್ನು ಓದಬಲ್ಲ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತೋರಿಸಿ. ಅಲ್ಲಿಯ ತನಕ ಅಜ್ಜನ ಕೋವಿಗೆ ಕೈಲ್‌ಮುಹೂರ್ತದಲ್ಲಿ ತೋಕ್‌ಪೂ (ಕೋವಿಗೆ ಮುಡಿಸುವ ಹೂವು) ಮುಡಿಸಿ, ಪುತ್ತರಿಯ ಕದಿರು ಕೊಯ್ಯುವಾಗ ಬೇರೆ ಕೋವಿ ಹಾರಿಸಿ.