ಪಡಸಾಲಿ ಗ್ವಾಡಿಗೆ ಚಾರ್ಕೋಲ್ ಬಣ್ಣ ಹಚ್ಚೂದರ ಬಗ್ಗೆ

ಅಕ್ಕಾರ, ಬಾಗಲಕೋಟಿ ನವನಗರದ ನಿಮ್ಮ ಪಡಸಾಲ್ಯಾಗ 12 ಫೂಟ್ ಉದ್ದ, 10 ಫೂಟ್ ಎತ್ತರದ ಒಂದ ಗ್ವಾಡಿಗೆ ಚಾರ್ಕೋಲ್ (ಇದ್ದಲಿಯಂಥಾ ಗಾಢ ಬೂದಿ ಬಣ್ಣ) ಹಚ್ಚಿದ್ರ ಬ್ಯಾಸಿಗ್ಯಾಗ ಖೋಲಿ ಕಾಯತೈತೇನು, ಬಣ್ಣ ಎಷ್ಟ ಬೇಕು ಅಂತ ಕೇಳೀರಿ. ಒಳಗಿನ ಬಣ್ಣಕ್ಕ ಖೋಲಿ ಕಾಯೂದಿಲ್ರಿ. ಕಾವು ಬರೂದು ಮಾಳಿಗಿಯಿಂದ, ಬಿಸಲು ಬೀಳೂ ಹೊರಗಿನ ಮೈಯಿಂದ. ಹೊರಗ ಮಾತ್ರ ಗಾಢ ಬಣ್ಣ ಬ್ಯಾಡ.

ನೀವು ಅಂಜಬೇಕಾದದ್ದು ಸವಳಿಗೆ. ಗ್ವಾಡಿಯೊಳಗ ಹಸಿ ಇದ್ರ ಉಪ್ಪು ನೀರಿನ ಜೋಡಿ ಹೊರಗ ಬಂದು ಒಣಗತೈತಿ. ಬಿಳೀ ಬಣ್ಣದ ಮ್ಯಾಲ ಅದು ಗೊತ್ತಾಗೂದಿಲ್ಲ, ಚಾರ್ಕೋಲ್ ಮ್ಯಾಲ ಹಿಟ್ಟು ಚೆಲ್ಲಿಧಂಗ ಕಾಣತೈತಿ. ನೆಲದಿಂದ ಒಂದ ಫೂಟ್ ಮ್ಯಾಲ ಪ್ಲಾಸ್ಟಿಕ್ ಹಾಳಿ ಇಟ್ಟು ನಾಕೂ ಕಡೆ ಟೇಪ್ ಹಚ್ಚಿ ಎರಡ ದಿನ ಬಿಡ್ರಿ. ಹಾಳಿಯ ಒಳಮೈಗೆ ಹನಿ ಕೂತ್ರ ಮೊದಲ ನಳದ ಸೋರಿಕಿ, ಹೊರಗಿನ ಬಿರುಕು ಹುಡುಕ್ರಿ. ಅಲ್ಲೀತನ ಬಣ್ಣದ ಡಬ್ಬಿ ತರಬ್ಯಾಡ್ರಿ.

ಎರಡನೇದು ಪುಟ್ಟಿ, ಅಂದ್ರ ಗ್ವಾಡಿ ನುಣುಪ ಮಾಡೂ ಲೇಪ. ಪೂರಾ ಗ್ವಾಡಿಗೆ ಎರಡ ಕೈ ಎಳೀಲಿಕ್ಕೆ 10–12 ಕಿಲೋ ಹಿಡೀತೈತಿ. 120 ನಂಬರಿನ ಸ್ಯಾಂಡ್ ಪೇಪರಿನಿಂದ ತಿಕ್ಕಿ, ಆಮ್ಯಾಲ 220 ಹಿಡೀರಿ. ರಾತ್ರಿ ಮೊಬೈಲ್ ಟಾರ್ಚ್ ಗ್ವಾಡಿಗೆ ಅಡ್ಡ ಹಿಡದು ನೋಡಿದ್ರ ಪಟ್ಟಿ ಎಳೆದ ಗೆರಿ ಎಲ್ಲಾ ಎದ್ದು ಕಾಣತಾವು. ಅವನ್ನ ಆಗಲೇ ಪೆನ್ಸಿಲ್‌ಲೆ ಗುರ್ತು ಹಾಕಿ ತುಂಬ್ರಿ. ಧೂಳ ಒದ್ದಿ ಅರಿವಿಲೆ ಒರಸದೆ ಪ್ರೈಮರ್ (ಬಣ್ಣಕ್ಕಿಂತ ಮೊದಲ ಹಚ್ಚೂ ಅಸ್ತರ) ಹಚ್ಚಿದ್ರ ಬಣ್ಣ ಹಪ್ಪಳಧಂಗ ಏಳತೈತಿ.

ಪ್ರೈಮರ್ 1 ಲೀಟರ್ ಸಾಕು, ಆದ್ರ ಬಿಳೀದು ಬ್ಯಾಡ. ಅಂಗಡ್ಯಾಗ ಬೂದಿ ಬಣ್ಣ ಬೆರಸಿ ಕೊಡ್ರಿ ಅನ್ರಿ. ಗಾಢ ಬಣ್ಣದ ಬೇಸಿನ್ಯಾಗ (ಶೇಡ್ ಬೆರಸೂ ಮೂಲ ಬಣ್ಣದಾಗ) ಬಿಳಿ ಪಿಗ್ಮೆಂಟ್ ಕಡಿಮಿ ಇರತೈತಿ, ಹಂಗಾಗಿ ಅದು ಕೆಳಗಿಂದು ಮುಚ್ಚೂದಿಲ್ಲ. ಬಿಳಿ ಪ್ರೈಮರಿನ ಮ್ಯಾಲ ನಾಕ ಕೋಟ್ ಬೇಕಾದಲ್ಲಿ ಬೂದಿ ಮ್ಯಾಲ ಮೂರರಾಗ ಮುಗೀತೈತಿ. 120 ಚದರ ಫೂಟಿಗೆ ಮೂರ ಕೋಟ್‌ಗೆ 3 ಲೀಟರ್ ಲೆಕ್ಕ ಹಿಡೀರಿ. ಡಬ್ಬಿಗಳನ್ನ ಒಂದ ಬಕೇಟಿನ್ಯಾಗ ಸುರದು ಕಲಸ್ರಿ. ಮಷಿನ್ನ್ಯಾಗ ಬೇರೆ ಬೇರೆ ಸಲ ಬೆರಸಿದ್ದು ಎಳಿಯಷ್ಟು ಫರಕ್ ಇರತೈತಿ, ಅದು ಗ್ವಾಡಿ ನಡಬರಕ ಕಾಣತೈತಿ.

ಹೊಳಪಿಂದು ತರಬ್ಯಾಡ್ರಿ, ಪುಟ್ಟಿಯ ತಪ್ಪೆಲ್ಲಾ ತೋರಸತೈತಿ. ಪೂರಾ ಮ್ಯಾಟ್ (ಹೊಳಪಿಲ್ಲದ್ದು) ತಂದ್ರ ಸೋಫಾದ ಹಿಂದ ತಲಿ ಎಣ್ಣಿ ಕಲಿ ಆಗತೈತಿ, ಒರಸಿದಲ್ಲಿ ಮಿಂಚತೈತಿ. ತೊಳಿಯಾಕ ಬರೂ ಮ್ಯಾಟ್ ಕೇಳ್ರಿ.

ನಮ್ಮ ಕಡೆ ಎಪ್ರಿಲ್, ಮೇ ತಿಂಗಳದಾಗ ಬಣ್ಣ ನೋಡನೋಡದ್ರಾಗ ಒಣಗತೈತಿ, ಅರ್ಧ ಒಣಗಿದ ಅಂಚಿನ ಮ್ಯಾಲ ರೋಲರ್ ಹೊರಳಿದ್ರ ಪಟ್ಟಾಪಟ್ಟಿ ಬೀಳತೈತಿ. ಮುಂಜಾನೆ ಹತ್ತರೊಳಗ ಮುಗಸ್ರಿ, ಫ್ಯಾನ್ ಬಂದ್ ಇರಲಿ. ಮೂಲಿಗೆ ಬ್ರಷ್ ಪೂರಾ ಹಚ್ಚಿ ಆಮ್ಯಾಲ ರೋಲರ್ ಹಿಡೀಬಾರದು. ಮೂರ ಫೂಟ್ ಬ್ರಷ್, ಕೂಡ್ಲೆ ಅಷ್ಟಕ್ಕ ರೋಲರ್. ಬಣ್ಣಕ್ಕ ನೀರು ಡಬ್ಬಿ ಮ್ಯಾಲ ಬರೆದಷ್ಟ, ಪ್ರತಿ ಸಲ ಅಳದು ಹಾಕ್ರಿ. ಕೋಟಿನ ನಡಕ ಕಡಿಮಿ ಅಂದ್ರ ನಾಕ ತಾಸು ಬಿಡ್ರಿ.

ಯಾವ ಗ್ವಾಡಿ? ಖಿಡಕಿ ಇದ್ದ ಗ್ವಾಡಿ ಬ್ಯಾಡ, ಬೆಳಕಿನ ಮುಂದ ಅದು ಕತ್ತಲಿ ಗವಿ ಆಗತೈತಿ. ಖಿಡಕಿಗೆ ಎದರಿಂದು ಚೊಲೊ. ನೆಲ ಶಹಾಬಾದ ಕಲ್ಲಿಂದಿದ್ರ ಬೂದಿಗೆ ಬೂದಿ ಕೂಡಿ ಖೋಲಿ ಮಂಕ ಆಗತೈತಿ, ನಡಬರಕ ಕೆಂಪ ಜಮಖಾನಿ ಹಾಸ್ರಿ. ಇಳಕಲ್ಲಿನ ಕೆಂಪ ಗ್ರಾನೈಟ್ ಇದ್ರ ಏನೂ ಬ್ಯಾಡ. ಗುಳೇದಗುಡ್ಡ ಖಣ ಚೌಕಟ್ಟ ಕಟ್ಟಿಸಿ ತೂಗ ಹಾಕಿದ್ರ, ಹಿತ್ತಾಳಿ ಸಮಯಿ ಇಟ್ರ ಈ ಬಣ್ಣದ ಮುಂದ ಅವು ಎದ್ದು ಕಾಣತಾವು. ಟ್ಯೂಬ್‌ಲೈಟ್ ತಗದು 3000 ಕೆಲ್ವಿನ್ ಹಳದಿ ಬಲ್ಬ್ ಹಾಕ್ರಿ, ಇಲ್ಲಾಂದ್ರ ಚಾರ್ಕೋಲ್ ನೀಲಿ ಹೊಡೀತೈತಿ.

ಮುಂದ ಗೀರ ಬಿದ್ರ ಅಷ್ಟಕ್ಕ ಬಣ್ಣ ಮುಟ್ಟಸಬ್ಯಾಡ್ರಿ, ತ್ಯಾಪಿ ಕಾಣತೈತಿ. ಮೂಲಿಯಿಂದ ಮೂಲೀತನ ಒಂದ ಕೋಟ್ ಹೊಡೀಬೇಕು, ಅದಕ್ಕ 1 ಲೀಟರ್ ಹೆಚ್ಚಿಗಿ ತಂದು ಮುಚ್ಚಳ ಬಿಗಿ ಮಾಡಿ ನೆಳ್ಳಾಗ ಇಡ್ರಿ, ಡಬ್ಬಿ ಮ್ಯಾಲ ಶೇಡ್ ನಂಬರ್ ಬರೆದಿರಲಿ.