ಸೀಟು ಗಟ್ಟಿಯಾಗಿಯೇ ಇದೆ, ಆದರೂ ರೀಕಾಲ್‌ಗೆ ಕಾರು ಬಿಡಬೇಕಾ?

ನೀವು ಕೇಳಿದ್ದು ಇಷ್ಟು: ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿದ್ದೀರಿ. ಅದೇ ಮಾಡೆಲ್‌ನ ಮುಂದಿನ ಸೀಟುಗಳಿಗೆ ರೀಕಾಲ್ ಇದೆ, ಅಂದರೆ ದೋಷ ಸರಿಮಾಡಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆಯುತ್ತಿದೆ ಅಂತ ಯಾರೋ ಹೇಳಿದರು. ನಿಮಗೆ ಕಾಗದ ಬಂದಿಲ್ಲ, ಸೀಟಿನಲ್ಲಿ ತೊಂದರೆಯೂ ಕಾಣುತ್ತಿಲ್ಲ. ಹೋಗಲೇಬೇಕಾ?

ಹೋಗಿ. ನಾನೂ ಎರಡು ತಿಂಗಳು ಸುಮ್ನೆ ಓಡಾಡಿದವಳೇ. ದಿನಾ ಕೂರುವ ಸೀಟು, ಕೆಟ್ಟಿದ್ದರೆ ನನಗೆ ಗೊತ್ತಾಗಲ್ವಾ ಅನ್ನುವ ಧೈರ್ಯ. ಕೊನೆಗೂ ಕಾರು ಬಿಟ್ಟಾಗ ಮೆಕ್ಯಾನಿಕ್ ಸೀಟಿನ ಕೆಳಗೆ ಟಾರ್ಚ್ ಹಿಡಿದು ತೋರಿಸಿದರು. ಅಲ್ಲಿ ಎರಡು ಹಳಿ, ಒಂದೊಂದಕ್ಕೂ ಒಂದು ಲಾಕ್. ಸೀಟು ಹಿಂದೆ ಮುಂದೆ ಸರಿಸುವ ಲಿವರ್ ಬಿಟ್ಟ ಕೂಡಲೇ ಎರಡೂ ಕಚ್ಚಿಕೊಳ್ಳಬೇಕು. ನನ್ನದರಲ್ಲಿ ಬಾಗಿಲ ಕಡೆಯದು ಕಚ್ಚಿತ್ತು. ಇನ್ನೊಂದರ ಹಲ್ಲು ತೂತಿನೊಳಗೆ ಇಳಿಯದೆ ಅಂಚಿನ ಮೇಲೆ ಕೂತಿತ್ತು. ಸೀಟು ಅಲುಗುತ್ತಿರಲಿಲ್ಲ, ಸದ್ದೂ ಇರಲಿಲ್ಲ. "ಜೋರಾಗಿ ಬ್ರೇಕ್ ಹಾಕಿದ ದಿನ ಗೊತ್ತಾಗ್ತಿತ್ತು ಮೇಡಂ" ಅಂದರು. ನಾನು ತೆಪ್ಪಗಿದ್ದೆ.

ನಾವು ಸೀಟು ಅಂದರೆ ಮೆತ್ತೆ ಅಂದುಕೊಳ್ಳುತ್ತೇವೆ. ಆದರೆ ಎಷ್ಟೋ ಕಾರುಗಳಲ್ಲಿ ಬೆಲ್ಟಿನ ಬಕಲ್ ಇರುವುದೇ ಸೀಟಿನ ಚೌಕಟ್ಟಿನ ಮೇಲೆ. ಸೀಟು ಜಾರಿದರೆ ಬಕಲ್ಲೂ ಜೊತೆಗೇ ಜಾರುತ್ತದೆ, ನೀವು ಉಬ್ಬುತ್ತಿರುವ ಏರ್‌ಬ್ಯಾಗ್‌ಗೆ ತೀರಾ ಹತ್ತಿರ ಹೋಗಿಬಿಡುತ್ತೀರಿ. ಹಿಂದಿನಿಂದ ಯಾರಾದರೂ ಗುದ್ದಿದರೆ ನಿಮ್ಮನ್ನು ಮುಖ್ಯವಾಗಿ ಹಿಡಿಯುವುದು ಬೆಲ್ಟ್ ಅಲ್ಲ, ಸೀಟಿನ ಬೆನ್ನು. ಅದರ ಲಾಕ್ ಸಡಿಲವಿದ್ದರೆ ಮಲಗಿದ ಹಾಗೆ ಹಿಂದಕ್ಕೆ ಬೀಳುತ್ತೀರಿ.

ಪಕ್ಕದ ಸೀಟಿನ ಕಥೆ ಇನ್ನೂ ಬೇರೆ. ಕೂತವರ ತೂಕ ನೋಡುವ ಸೆನ್ಸರ್ ಕೆಲವು ಕಾರುಗಳಲ್ಲಿ ಆ ಮೆತ್ತೆಯೊಳಗೇ ಇರುತ್ತದೆ. ಮಗು ಕೂತರೆ ಏರ್‌ಬ್ಯಾಗ್ ಆಫ್ ಆಗಬೇಕು, ದೊಡ್ಡವರು ಕೂತರೆ ಆನ್ ಆಗಬೇಕು. ಸೆನ್ಸರ್ ಕೈಕೊಟ್ಟರೆ ಇದು ಉಲ್ಟಾ ಆಗಬಹುದು.

ಬಟ್ಟೆಗೂ ರೀಕಾಲ್ ಬರುತ್ತದೆ ಅಂದರೆ ನಂಬುತ್ತೀರಾ? 2014ರ ಜನವರಿಯಲ್ಲಿ ಟೊಯೋಟಾ ಅಮೆರಿಕದಲ್ಲಿ, ಬಿಸಿಯಾಗುವ ಸೀಟುಗಳಿದ್ದ ಕೆಲವು ಮಾಡೆಲ್‌ಗಳ ಮಾರಾಟವನ್ನೇ ನಿಲ್ಲಿಸಿತು. ಸೀಟಿನ ಒಳಗಿನ ಬಟ್ಟೆ ಬೆಂಕಿಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಅಲ್ಲಿನ ನಿಯಮದ ಪ್ರಕಾರ ಕಾರಿನೊಳಗಿನ ಬಟ್ಟೆಯಲ್ಲಿ ಬೆಂಕಿ ನಿಮಿಷಕ್ಕೆ 102 ಮಿಲಿಮೀಟರ್‌ಗಿಂತ ಜಾಸ್ತಿ ಹರಡಬಾರದು. ಕೂತು ನೋಡಿ ಇದನ್ನು ಯಾರು ತಾನೇ ಕಂಡುಹಿಡಿಯುತ್ತಾರೆ?

ನಿಮಗೆ ಕಾಗದ ಬರದಿದ್ದುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹಳೇ ಮಾಲೀಕರ ವಿಳಾಸಕ್ಕೆ ಹೋಗಿರಬಹುದು. ಚಾಸಿ ನಂಬರ್ ನೋಡಿಕೊಳ್ಳಿ, ಗಾಡಿಯ ನೋಂದಣಿ ಪತ್ರದಲ್ಲಿರುತ್ತದೆ. ಅದನ್ನು ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ಅಲ್ಲಿ ಆಗದಿದ್ದರೆ ಸರ್ವಿಸ್ ಸೆಂಟರ್‌ಗೆ ಫೋನ್ ಮಾಡಿ ಓದಿ ಹೇಳಿ. ಒಟ್ಟು 17 ಅಕ್ಷರ ಮತ್ತು ಅಂಕಿ. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ, ಒಂದು ಮತ್ತು ಸೊನ್ನೆಯ ಜೊತೆ ಗೊಂದಲವಾಗಬಾರದು ಅಂತ. ಓ ಥರ ಕಂಡರೆ ಸೊನ್ನೆಯನ್ನೇ ಒತ್ತಿ. (ನಾನು ಮೂರು ಸಲ ತಪ್ಪು ಹಾಕಿ ವೆಬ್‌ಸೈಟನ್ನೇ ಬೈದಿದ್ದೆ.) ಮಾಡೆಲ್ ಹೆಸರು ಮಾತ್ರ ನೋಡಿ ತೀರ್ಮಾನ ಮಾಡಬೇಡಿ. ಒಂದೇ ಮಾಡೆಲ್‌ನಲ್ಲೂ ಕೆಲವು ವಾರಗಳಲ್ಲಿ ತಯಾರಾದ ಗಾಡಿಗಳಿಗೆ ಮಾತ್ರ ರೀಕಾಲ್ ಇರಬಹುದು.

ರೀಕಾಲ್ ಕೆಲಸಕ್ಕೆ ಸಾಮಾನ್ಯವಾಗಿ ದುಡ್ಡು ಕೊಡಬೇಕಿಲ್ಲ, ನೀವು ಎಷ್ಟನೇ ಮಾಲೀಕರಾದರೂ ಸರಿ. ಗಾಡಿ ತುಂಬಾ ಹಳೆಯದಾಗಿದ್ದರೆ ಮೊದಲೇ ಕೇಳಿಕೊಳ್ಳಿ.

ಪಾರ್ಟ್ ಇನ್ನೂ ಬಂದಿಲ್ಲ, ಕಾಯಿರಿ ಅನ್ನಲೂಬಹುದು. ಹಾಗಾದರೆ ಅಲ್ಲಿಯವರೆಗೆ ಓಡಿಸಬಹುದಾ ಅಂತ ನೇರವಾಗಿ ಕೇಳಿ, ಉತ್ತರ ಬರಹದಲ್ಲಿರಲಿ. ದೋಷ ಪಕ್ಕದ ಸೀಟಿನದಾಗಿದ್ದರೆ ಅದನ್ನು ಖಾಲಿ ಬಿಡಿ. ಮಕ್ಕಳು ಹೇಗಿದ್ದರೂ ಹಿಂದೆಯೇ ಕೂರಲಿ. ಹಳಿಯ ದೋಷವಾಗಿದ್ದರೆ ಸೀಟು ಸರಿಸಿದಾಗಲೆಲ್ಲ, ಹೊರಡುವ ಮೊದಲು, ಕಾಲು ಊರಿ ಮೈಯಿಂದ ಹಿಂದಕ್ಕೂ ಮುಂದಕ್ಕೂ ದೂಡಿ ನೋಡಿ. ಇದರಿಂದ ರಿಪೇರಿ ಆದ ಹಾಗಲ್ಲ, ಎದ್ದು ಕಾಣುವಷ್ಟು ಕೆಟ್ಟಿದ್ದರೆ ಗೊತ್ತಾಗುತ್ತದೆ ಅಷ್ಟೇ.

ಪರಿಚಯದವರ ಕೈಲಿ ವೆಲ್ಡಿಂಗ್ ಮಾತ್ರ ಮಾಡಿಸಬೇಡಿ. ಸೀಟಿನ ಕೆಳಗೆ ಹಳದಿ ಕನೆಕ್ಟರ್ ಕಂಡರೆ ಬಿಚ್ಚಲೂ ಹೋಗಬೇಡಿ, ಸಾಮಾನ್ಯವಾಗಿ ಅದು ಏರ್‌ಬ್ಯಾಗಿನ ವೈರು.

ಕೆಲಸ ಮುಗಿದ ಮೇಲೆ ಜಾಬ್ ಕಾರ್ಡಿನಲ್ಲಿ ರೀಕಾಲ್ ನಂಬರ್ ಬರೆಸಿಕೊಳ್ಳಿ. ನನ್ನದರಲ್ಲಿ ಮೊದಲು ಬರೀ "ಸೀಟ್ ಚೆಕ್" ಅಂತ ಬರೆದಿದ್ದರು, ವಾಪಸ್ ಕೊಟ್ಟು ಸರಿ ಮಾಡಿಸಿದೆ.